ಕೂಡದು ಎಂಬುದಕ್ಕೆ ಕಾರಣ

ಕೊಳವೆಬಾವಿಗೆ ಪಂಪು ಆರಿಸುವುದು ಮೇಲುನೋಟಕ್ಕೆ ಧರ್ಮಜಿಜ್ಞಾಸೆಯ ವಿಷಯವಲ್ಲ. ಆದರೂ ಹುಮನಾಬಾದ್ ತಾಲ್ಲೂಕಿನ ಹುಡಗಿಯಂಥ ಊರಿನಲ್ಲಿ ತೊಗರಿ, ಸೋಯಾ, ಕಬ್ಬು ಬೆಳೆಯುವ ರೈತನೊಬ್ಬ ತನ್ನ ಬೋರಿಗೆ ಮೋಟರ್ ಕೊಳ್ಳಲು ಹೊರಟರೆ ಎಷ್ಟು ವಿಧಿನಿಷೇಧಗಳ ನಡುವೆ ಹಾದುಹೋಗಬೇಕು ನೋಡಿ. ಬೋರಿನ ಅಗಲ ಇಷ್ಟಿದ್ದರೆ ಇಂಥ ದಪ್ಪದ ಪಂಪು ಮಾತ್ರ ಒಳಗೆ ಇಳಿಯುತ್ತದೆ. ನೀರು ಇಷ್ಟು ಆಳದಿಂದ ಏರಬೇಕಾದರೆ ಪಂಪಿಗೆ ಇಷ್ಟು ಸ್ಟೇಜ್ ಬೇಕು. ಸ್ಟೇಜ್ ಹೆಚ್ಚಿದರೆ ಮೋಟರಿನ ಎಚ್‌ಪಿ ಹೆಚ್ಚಬೇಕು. ಎಚ್‌ಪಿ ಹೆಚ್ಚಿದರೆ ಸಿಂಗಲ್ ಫೇಸ್ ಸಾಲದು, ತ್ರೀ ಫೇಸ್ ಬೇಕು. ಮೋಟರು ಆಳಕ್ಕೆ ಇಳಿದಷ್ಟೂ ಕೇಬಲ್ ದಪ್ಪವಾಗಬೇಕು, ಇಲ್ಲವಾದರೆ ವೋಲ್ಟೇಜ್ ಕುಸಿದು ವೈಂಡಿಂಗ್ ಸುಡುತ್ತದೆ. ಈ ಲೆಕ್ಕವೆಲ್ಲ ಮೊದಲು ಪೇಟೆಯ ಅಂಗಡಿಯವನ ತಲೆಯಲ್ಲಿತ್ತು. ಈಗ ತಯಾರಕರು ಅದನ್ನು ಕಾನ್ಫಿಗರೇಟರ್ ಎಂಬ ತಂತ್ರಾಂಶಕ್ಕೆ ಒಪ್ಪಿಸುತ್ತಿದ್ದಾರೆ. ಮೊಬೈಲ್ ಪರದೆಯ ಮೇಲೆ ಭಾಗಗಳ ಪಟ್ಟಿ ಬರುತ್ತದೆ. ಒಂದನ್ನು ಒತ್ತಿದೊಡನೆ ಅದರೊಡನೆ ಹೊಂದದ ಮಿಕ್ಕವು ಮಂಕಾಗುತ್ತವೆ, ಒತ್ತಿದರೂ ಓಗೊಡುವುದಿಲ್ಲ. ನನ್ನ ಪ್ರಶ್ನೆ ಇರುವುದು ಈ ಮಂಕಾಗುವುದರ ಬಗ್ಗೆ. ಅಲ್ಲಿ ಯಾರೋ ‘ಕೂಡದು’ ಎಂದರು. ಯಾರು ಅಂದರು, ಯಾವ ಅಧಿಕಾರದಿಂದ ಅಂದರು, ಕಾರಣ ಕೇಳಿದರೆ ಹೇಳುವ ಬಾಧ್ಯತೆ ಅವರಿಗಿದೆಯೇ? ಮನುಷ್ಯ ಆಯ್ಕೆ ಮಾಡುತ್ತಾನೆ ಎನ್ನುವುದಕ್ಕೆ ಏನಾದರೂ ಅರ್ಥವಿರಬೇಕಾದರೆ ಈ ಪ್ರಶ್ನೆಗೆ ಉತ್ತರ ಬೇಕು. ಹುಡಗಿಯ ಸುತ್ತಲ ಸೀಮೆ, ಅಂದರೆ ಬಸವಕಲ್ಯಾಣ–ಹುಮನಾಬಾದ್ ಸೀಮೆ, ಒಂಬೈನೂರು ವರ್ಷಗಳಿಂದ ಇದೇ ಪ್ರಶ್ನೆಯನ್ನು ಒಂದಲ್ಲ ಒಂದು ರೂಪದಲ್ಲಿ ಕೇಳುತ್ತ ಬಂದಿದೆ.

ಮೊದಲು ತಂತ್ರಾಂಶದ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಈ ಬಗೆಯ ಕೆಲಸದ ಮೊದಲ ದೊಡ್ಡ ನಿದರ್ಶನ ಎಕ್ಸ್‌ಕಾನ್. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಾನ್ ಮೆಕ್‌ಡರ್ಮಟ್ 1978ರಲ್ಲಿ ಅದನ್ನು ಬರೆದದ್ದು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ವ್ಯಾಕ್ಸ್ ಗಣಕಗಳಿಗಾಗಿ. ಗಿರಾಕಿ ಕೇಳಿದ ಗಣಕಕ್ಕೆ ಯಾವ ಕೇಬಲ್, ಯಾವ ಪೆಟ್ಟಿಗೆ, ಯಾವ ಡಿಸ್ಕ್ ಕೂಡಿಸಬೇಕೆಂದು ಅದು ನಿರ್ಧರಿಸುತ್ತಿತ್ತು. 1986ರ ಹೊತ್ತಿಗೆ ಅದು ಸುಮಾರು 2,500 ನಿಯಮಗಳನ್ನಿಟ್ಟುಕೊಂಡು 80,000 ಆರ್ಡರುಗಳನ್ನು ನೋಡಿ ಮುಗಿಸಿತ್ತು. ಆ ನಿಯಮಗಳು ಕಂಪನಿಯ ಯಂತ್ರದಲ್ಲಿದ್ದವು, ಕಂಪನಿಯ ನೌಕರರಷ್ಟೇ ಅವನ್ನು ಬಳಸುತ್ತಿದ್ದರು. ವೆಬ್ ಬಂದ ಮೇಲೆ ಗಿರಾಕಿಯೇ ಪರದೆಯ ಮುಂದೆ ಕುಳಿತನಾದರೂ ನಿಯಮಗಳು ಇದ್ದಲ್ಲೇ ಉಳಿದವು. ಅವನ ಒಂದೊಂದು ಒತ್ತುವಿಕೆಯೂ ದೂರದ ಸರ್ವರಿಗೆ ಹೋಗಿ, ಅಲ್ಲಿ ತೀರ್ಮಾನವಾಗಿ, ಹಿಂದಿರುಗುತ್ತಿತ್ತು. ಇದಕ್ಕೆ ಒಂದು ನ್ಯಾಯವಾದ ಕಾರಣವೂ ಇತ್ತು: ಲೆಕ್ಕ ಭಾರಿಯದು. ಹೌದು–ಅಲ್ಲ ಎನ್ನುವ 30 ಆಯ್ಕೆಗಳಿದ್ದರೆ ಜೋಡಣೆಗಳ ಸಂಖ್ಯೆ 107 ಕೋಟಿ ದಾಟುತ್ತದೆ, ಮತ್ತು ಇಂಥ ಸಮಸ್ಯೆಗಳಿಗೆಲ್ಲ ಸದಾ ಒದಗುವ ಅಡ್ಡದಾರಿ ಈವರೆಗೆ ಯಾರಿಗೂ ಗೊತ್ತಿಲ್ಲ. ಅವು ಎಷ್ಟು ಕಠಿಣವೆಂಬುದನ್ನು ಸ್ಟೀಫನ್ ಕುಕ್ 1971ರಲ್ಲೇ ತೋರಿಸಿಕೊಟ್ಟಿದ್ದರು. ಆದರೆ ಪಂಪು, ಬಾಗಿಲು, ಬೀರುಗಳ ಲೆಕ್ಕ ಅಷ್ಟು ತೊಡಕಿನದಲ್ಲ. 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿಗೆಂದು ಹುಟ್ಟಿದ ಜಾವಾಸ್ಕ್ರಿಪ್ಟ್ ಬೆಳೆಯಿತು. 2019ರ ಡಿಸೆಂಬರಿನಲ್ಲಿ ವೆಬ್‌ಅಸೆಂಬ್ಲಿ ಎಂಬ ಯಂತ್ರಸಂಕೇತ ಅಧಿಕೃತ ಮಾನಕವಾಯಿತು. ದೊಡ್ಡ ಯಂತ್ರಗಳಿಗೆಂದು ಬರೆದಿದ್ದ ಲೆಕ್ಕಿಗ ತಂತ್ರಾಂಶಗಳು ಸಾಧಾರಣ ಮೊಬೈಲಿನ ಬ್ರೌಸರಿನೊಳಗೇ ಓಡತೊಡಗಿದವು. ಈಗ ನಿಯಮ, ಕೋಷ್ಟಕ, ಲೆಕ್ಕಿಗ ಎಲ್ಲವೂ ಒಂದು ಸಲ ಇಳಿದುಬಂದರೆ ಮುಗಿಯಿತು. ಹೊಲದಲ್ಲಿ ಸಿಗ್ನಲ್ ಹೋದರೂ ಕೆಲಸ ನಿಲ್ಲದು. ಇಂಜಿನಿಯರುಗಳು ಇದನ್ನು ವೇಗಕ್ಕಾಗಿ, ಸರ್ವರ್ ಖರ್ಚಿನ ಉಳಿತಾಯಕ್ಕಾಗಿ ಮೆಚ್ಚುತ್ತಾರೆ. ಮೆಚ್ಚಲಿ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ‘ಕೂಡದು’ ಎನ್ನುವ ನಿಯಮ ತಾನಿದ್ದ ಜಾಗ ಬಿಟ್ಟು, ಯಾರಿಗೆ ‘ಕೂಡದು’ ಎನ್ನುತ್ತಿತ್ತೋ ಅವರ ಕೈಗೆ ಬಂದು ಕುಳಿತಿದೆ.

ಇದು ಏಕೆ ಮುಖ್ಯವೆಂದು ತೋರಿಸಲು ಜೋಡಣೆಯ ಶಾಸ್ತ್ರವನ್ನು ನಮ್ಮಲ್ಲಿ ಮೊದಲು ಕಟ್ಟಿದವರ ಬಳಿ ಹೋಗಬೇಕು. ಅವರು ಮೀಮಾಂಸಕರು, ವೇದದ ಯಾಗವಿಧಿಗಳ ಅರ್ಥವನ್ನು ವಿಚಾರಿಸಿದವರು. ಜೈಮಿನಿಯ ಸೂತ್ರಗಳ ಹನ್ನೆರಡು ಅಧ್ಯಾಯಗಳಲ್ಲಿ ಉತ್ತರಾರ್ಧದ ಬಹುಪಾಲು ಇಂದಿನ ಕಾನ್ಫಿಗರೇಟರ್ ಬರೆಯುವವರಿಗೆ ತಮ್ಮದೇ ಕಚೇರಿಯ ಚರ್ಚೆಯಂತೆ ಕಂಡೀತು. ದರ್ಶಪೂರ್ಣಮಾಸ ಎನ್ನುವ ಇಷ್ಟಿ (ಯಾಗ) ಪ್ರಕೃತಿ, ಮೂಲ ಮಾದರಿ. ಉಳಿದ ಎಷ್ಟೋ ಇಷ್ಟಿಗಳು ಅದರ ವಿಕೃತಿಗಳು. ವಿಕೃತಿಯ ವಿವರವನ್ನೆಲ್ಲ ವೇದ ಹೇಳುವುದಿಲ್ಲ, ಹೇಳದೆ ಉಳಿದ ಅಂಗಗಳು ಮೂಲದಿಂದ ಹರಿದು ಬರುತ್ತವೆ. ಅದು ಅತಿದೇಶ, ಏಳು–ಎಂಟನೆಯ ಅಧ್ಯಾಯಗಳ ವಿಷಯ. ಮೂಲದಲ್ಲಿ ಅಗ್ನಿಯ ಹೆಸರಿರುವ ಮಂತ್ರ ಸೂರ್ಯನಿಗೆ ಕೊಡುವ ಇಷ್ಟಿಯಲ್ಲಿ ಸೂರ್ಯನ ಹೆಸರಿಗೆ ತಿರುಗುತ್ತದೆ. ಅದು ಊಹ, ಒಂಬತ್ತನೆಯದು. ಹತ್ತನೆಯದು ಬಾಧ, ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಾಣುವುದು. ಒಂದು ವಿಕೃತಿಯಲ್ಲಿ ಭತ್ತದ ಬದಲು ಕೃಷ್ಣಲ ಎಂಬ ಚಿನ್ನದ ಕಾಳುಗಳನ್ನು ಬೇಯಿಸಬೇಕು. ಮೂಲದಲ್ಲಿ ಭತ್ತವನ್ನು ಕುಟ್ಟುವ ವಿಧಿಯಿದೆ. ಚಿನ್ನವನ್ನೂ ಕುಟ್ಟಬೇಕೆ? ಬೇಡ, ಏಕೆಂದರೆ ಕುಟ್ಟುವುದು ಹೊಟ್ಟು ಬಿಡಿಸಲು, ಚಿನ್ನಕ್ಕೆ ಹೊಟ್ಟಿಲ್ಲ. ಪ್ರಯೋಜನ ಇಲ್ಲದಲ್ಲಿ ಅಂಗ ಬಿದ್ದುಹೋಗುತ್ತದೆ. ಯಾವುದು ಉಳಿಯುತ್ತದೆ, ಯಾವುದು ಬದಲಾಗುತ್ತದೆ, ಯಾವುದು ಬೀಳುತ್ತದೆ ಎಂಬುದರ ಇಷ್ಟು ಕಟ್ಟುನಿಟ್ಟಾದ ವಿಚಾರ ಆ ಕಾಲದಲ್ಲಿ ಬೇರೆಲ್ಲಾದರೂ ನಡೆದಿತ್ತೇ ಎಂಬುದು ನನಗೆ ಅನುಮಾನ. ಗಮನಿಸಬೇಕಾದದ್ದೆಂದರೆ, ಮೀಮಾಂಸಕ ಯಾವುದನ್ನೂ ಸುಮ್ಮನೆ ಮಂಕಾಗಿಸುವುದಿಲ್ಲ. ಬೀಳಿಸಿದ ಪ್ರತಿಯೊಂದಕ್ಕೂ ಪೂರ್ವಪಕ್ಷ, ಸಿದ್ಧಾಂತ, ಕಾರಣ ಇರಲೇಬೇಕು.

ಆಯ್ಕೆಯ ಬಗ್ಗೆ ಅವರಿಗಿದ್ದ ಧೋರಣೆ ಇಂದಿನ ಮಾರುಕಟ್ಟೆಗೆ ಪೂರಾ ವಿರುದ್ಧ. ಭತ್ತದಿಂದ ಯಾಗ ಮಾಡಬಹುದು, ಜವೆಯಿಂದಲೂ ಮಾಡಬಹುದು ಎಂದಿದ್ದರೆ ಅದು ವಿಕಲ್ಪ. ಇದು ಅವರ ಮಾಮೂಲಿ ಉದಾಹರಣೆ. ಆದರೆ ವಿಕಲ್ಪಕ್ಕೆ ಎಂಟು ದೋಷಗಳನ್ನು ಅವರು ಎಣಿಸಿದರು. ಭತ್ತ ಹಿಡಿದಾಗ ಜವೆಯ ವಾಕ್ಯಕ್ಕಿದ್ದ ಪ್ರಾಮಾಣ್ಯವನ್ನು ಬಿಟ್ಟಂತಾಯಿತು, ಅದಕ್ಕಿಲ್ಲದ ಅಪ್ರಾಮಾಣ್ಯವನ್ನು ಹೊರಿಸಿದಂತಾಯಿತು. ನಾಳೆ ಜವೆ ಹಿಡಿದರೆ ಬಿಟ್ಟದ್ದನ್ನು ಮತ್ತೆ ಎತ್ತಿಕೊಂಡಂತೆ, ಹೊರಿಸಿದ್ದನ್ನು ಕಳಚಿದಂತೆ. ಹೀಗೆ ಅದಕ್ಕೆ ನಾಲ್ಕು, ಇದಕ್ಕೆ ನಾಲ್ಕು. ಆದ್ದರಿಂದ ಬೇರೆ ಗತಿಯೇ ಇಲ್ಲದಾಗ ಮಾತ್ರ ವಿಕಲ್ಪ. ಆಯ್ಕೆ ಹೆಚ್ಚಿದಷ್ಟೂ ಸ್ವಾತಂತ್ರ್ಯ ಹೆಚ್ಚಿತು ಎಂದು ನಂಬುವ ನಮಗೆ ಇದು ವಿಚಿತ್ರವೆನಿಸಬಹುದು. ನನಗೆ ಇದರಲ್ಲೊಂದು ಸತ್ಯ ಕಾಣುತ್ತದೆ. ಆರಿಸುವವನು ಒಂದನ್ನು ಹಿಡಿಯುತ್ತಲೇ ಮಿಕ್ಕದ್ದರ ಬಗ್ಗೆ ಒಂದು ತೀರ್ಪನ್ನೂ ಕೊಟ್ಟಿರುತ್ತಾನೆ. ಆ ತೀರ್ಪಿಗೆ ಕಾರಣ ಅವನ ಬಳಿ ಇಲ್ಲದಿದ್ದರೆ ಆಯ್ಕೆ ನಡೆಯಿತೆಂದು ಹೇಳಬಹುದೇ ಹೊರತು ಅವನು ಆರಿಸಿದನೆಂದು ಹೇಳಲಾಗದು.

ಈ ಶಾಸ್ತ್ರ ಯಜ್ಞಶಾಲೆಯಲ್ಲೇ ಉಳಿಯಲಿಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ ಆಳಿದ್ದು 1076ರಿಂದ 1126ರವರೆಗೆ. ಅವನ ರಾಜಧಾನಿಯಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಒಂದು ಸ್ಮೃತಿ ಹೀಗೆ, ಇನ್ನೊಂದು ಹಾಗೆ ಎಂದಾಗ ಅವನು ಮೀಮಾಂಸೆಯ ಹತಾರುಗಳನ್ನೇ ಎತ್ತಿಕೊಂಡು ಒಂದೊಂದು ವಚನಕ್ಕೂ ಅದರ ಕ್ಷೇತ್ರ ಗುರುತಿಸಿಕೊಡುತ್ತಾನೆ. ಬಂಗಾಳದ ಕಡೆ ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿ ಹಂಚಿದ್ದು ಈ ಪುಸ್ತಕದ ಪ್ರಕಾರ. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯವಿಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ನ್ಯಾಯಾಲಯಗಳೂ ಅದನ್ನೇ ಹಿಡಿದವು. ಗಂಡುಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು, ಹೆಣ್ಣುಮಗಳಿಗೆ ಅಂಥ ಹಕ್ಕು ಕೂಡದು ಎಂಬ ನಿಯಮ ಆ ಪದ್ಧತಿಯದು. ಕರ್ನಾಟಕ ಇದನ್ನು 1994ರಲ್ಲಿ ತಿದ್ದಿತು, ದೇಶ 2005ರಲ್ಲಿ. ತಿದ್ದಲು ಸಾಧ್ಯವಾದದ್ದು ಹೇಗೆ? ನಿಯಮ ಬರಹದಲ್ಲಿತ್ತು, ಅದರ ಕಾರಣಗಳೂ ಬರಹದಲ್ಲಿದ್ದವು; ಕಾರಣ ಇದ್ದಲ್ಲಿ ಅದನ್ನು ಅಲ್ಲಗಳೆಯಲು ಬರುತ್ತದೆ. ಕಾಣದ ಕೈಯೊಂದು ಪ್ರತಿ ಸಲವೂ ‘ನಿನಗಿಲ್ಲ’ ಎಂದು ಹೇಳಿ ಸುಮ್ಮನಾಗುತ್ತಿದ್ದರೆ ತಿದ್ದುಪಡಿಯನ್ನು ಯಾವುದಕ್ಕೆ ತರುವುದು?

ಈಗ ನನ್ನ ವಾದದ ನಡುಮನೆಗೆ ಬರುತ್ತೇನೆ. ಮೀಮಾಂಸಕರು ಪ್ರಯೋಜನವನ್ನು ದೃಷ್ಟ, ಅದೃಷ್ಟ ಎಂದು ಎರಡಾಗಿ ಒಡೆದರು. ಭತ್ತ ಕುಟ್ಟಿದರೆ ಹೊಟ್ಟು ಬಿಡುವುದು ದೃಷ್ಟ, ಯಾರು ಬೇಕಾದರೂ ನೋಡಬಹುದು. ಆದರೆ ಹೊಟ್ಟನ್ನು ಉಗುರಿನಿಂದಲೂ ಬಿಡಿಸಬಹುದಲ್ಲ, ಒನಕೆಯೇ ಏಕೆ? ಈ ಕಟ್ಟಳೆಗೆ ಕಣ್ಣಿಗೆ ಕಾಣುವ ಕಾರಣವಿಲ್ಲ, ಆದ್ದರಿಂದ ಅಲ್ಲೊಂದು ಅದೃಷ್ಟ ಫಲವನ್ನು ಒಪ್ಪಿಕೊಂಡರು. ಈ ವಿಭಜನೆಯನ್ನು ಪಂಪಿನ ಪಟ್ಟಿಯ ಮುಂದೆ ಇಟ್ಟು ನೋಡಿ. ಆರಿಂಚಿನ ಪಂಪು ನಾಲ್ಕೂವರೆ ಇಂಚಿನ ಬೋರಿಗೆ ಕೂಡದು: ಇದು ವಸ್ತುವೇ ಹೇಳುವ ಮಾತು, ಕಂಪನಿ ಮುಚ್ಚಿದರೂ ನಿಜ. ಈ ಮೋಟರಿಗೆ ನಮ್ಮ ಕಂಪನಿಯ ಸ್ಟಾರ್ಟರೇ ಬೇಕು, ಬೇರೆಯವರದು ಕೂಡದು: ಇದಕ್ಕೆ ಕೆಲವೊಮ್ಮೆ ತಾಂತ್ರಿಕ ಕಾರಣ ಇದ್ದೀತು, ಬಹಳ ಸಲ ಇರುವುದು ಮಾರಾಟದ ಲೆಕ್ಕ. ಇವೆರಡರ ನಡುವೆ ಮೂರನೆಯದೊಂದಿದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಅದಕ್ಕಿಂತ ದೊಡ್ಡ ಮೋಟರನ್ನು ತಂತ್ರಾಂಶ ಬದಿಗೆ ಸರಿಸಿದರೆ ಅದು ಕಬ್ಬಿಣವೂ ಹೇಳಿದ್ದಲ್ಲ, ಕಂಪನಿಯೂ ಹೇಳಿದ್ದಲ್ಲ, ಸರ್ಕಾರದ ಧೋರಣೆ ಹೇಳಿಸಿದ್ದು. ವಿಧಾನಸಭೆಯಲ್ಲಿ ಅದನ್ನು ಪ್ರಶ್ನಿಸಬಹುದು. ಮೂರೂ ಬೇರೆ ಬೇರೆ ಅಧಿಕಾರಗಳಿಂದ ಬಂದವು, ಮೂರಕ್ಕೂ ಬೇರೆ ಬೇರೆ ಉತ್ತರ ಸಲ್ಲುತ್ತದೆ. ಆದರೆ ಪರದೆಯ ಮೇಲೆ ಮೂರೂ ಒಂದೇ ಮಂಕು ಬಣ್ಣದಲ್ಲಿ ಕಾಣುತ್ತವೆ. ನಿಯಮ ದೂರದ ಸರ್ವರಿನಲ್ಲಿ ಇರುವತನಕ ಇವನ್ನು ಬೇರ್ಪಡಿಸಿ ನೋಡಲು ದಾರಿಯೇ ಇರಲಿಲ್ಲ. ಮಾರಾಟಗಾರನ ಇಚ್ಛೆ ವಸ್ತುಸ್ವಭಾವದ ವೇಷ ಹಾಕಿಕೊಂಡು ಬರಬಹುದಿತ್ತು. ನಿಯಮಗಳೆಲ್ಲ ಬ್ರೌಸರಿಗೆ ಇಳಿದುಬಂದಾಗ ಆ ವೇಷ ನಿಲ್ಲುವುದು ಕಷ್ಟ. ಕೋಷ್ಟಕ ತೆರೆದು ನೋಡಿದರೆ ಅಳತೆಗಳನ್ನು ಹೋಲಿಸುವ ನಿಯಮ ಯಾವುದು, ಬರಿಯ ಹೆಸರಿಗೆ ಹೆಸರು ಕಟ್ಟಿದ ನಿಯಮ ಯಾವುದು ಎಂದು ತಿಳಿದವರಿಗೆ ಗೊತ್ತಾಗುತ್ತದೆ.

ಮೀಮಾಂಸೆಯನ್ನು ಇಷ್ಟು ಹೊಗಳಿದ ಮೇಲೆ ಅದರ ದೊಡ್ಡ ಕೊರತೆಯನ್ನೂ ಹೇಳಬೇಕು. ಕಾರಣಗಳಿದ್ದವು, ನಿಜ. ಯಾರಿಗೆ? ಅದೇ ಶಾಸ್ತ್ರದ ಆರನೆಯ ಅಧ್ಯಾಯ ಅಧಿಕಾರದ ವಿಚಾರಕ್ಕೆ ಬಂದಾಗ ಶೂದ್ರನಿಗೆ ಯಾಗದ ಅಧಿಕಾರವಿಲ್ಲವೆಂದು ತೀರ್ಮಾನಿಸುತ್ತದೆ. ನಿಯಮ ಬಾಧಿಸುವುದು ಎಲ್ಲರನ್ನೂ, ಕಾರಣ ಕೇಳುವ ಹಕ್ಕು ಕೆಲವರಿಗೆ. ವಿಜ್ಞಾನೇಶ್ವರ ಬರೆದ ಅದೇ ಪಟ್ಟಣದಲ್ಲಿ, ಒಂದೆರಡು ತಲೆಮಾರು ಕಳೆಯುವುದರೊಳಗೆ, ಈ ಏರ್ಪಾಟಿನ ಮೇಲೆ ನೇರವಾಗಿ ಪ್ರಶ್ನೆ ಎದ್ದಿತು. ಕಳಚೂರಿ ಬಿಜ್ಜಳನ ಕಾಲದ ಕಲ್ಯಾಣದಲ್ಲಿ ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿ ಮತ್ತು ಹಲವು ಕಾಯಕದ ಶರಣರು ಕನ್ನಡದಲ್ಲೇ, ತಮ್ಮ ಕಸುಬಿನ ಮಾತಿನಲ್ಲೇ, ದೇವರನ್ನೂ ನಿಯಮವನ್ನೂ ಕುರಿತು ವಿಚಾರಿಸಿದರು. ಶರಣ ಪರಂಪರೆ ಹೇಳುವಂತೆ ಆ ಕಾಲದ ಬಿಕ್ಕಟ್ಟು ಒಡೆದದ್ದು ಒಂದು ಮದುವೆಯಿಂದ: ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮೂಲದ ಮಧುವರಸನ ಮಗಳು. ವರ್ಣದ ಕಟ್ಟಳೆ ಈ ಜೋಡಿ ಕೂಡದು ಎಂದಿತು. ಇಬ್ಬರು ತಂದೆಯರಿಗೂ ಘೋರ ಶಿಕ್ಷೆಯಾಯಿತು, ಕಲ್ಯಾಣ ಹೊತ್ತಿ ಉರಿಯಿತು. ಶರಣರು ಅಲ್ಲಿ ಮಾಡಿದ್ದನ್ನು ಬರಿಯ ಅನುಕಂಪ ಎಂದರೆ ಅದರ ತರ್ಕವನ್ನು ಕಡೆಗಣಿಸಿದಂತೆ. ಹುಡುಗ–ಹುಡುಗಿಯ ಸ್ವಭಾವದಲ್ಲಿ ಈ ನಿಷೇಧಕ್ಕೆ ಆಧಾರವಿಲ್ಲ, ನಿಯಮ ಮಾಡಿದವರ ಇಚ್ಛೆಯಲ್ಲಿ ಮಾತ್ರ ಇದೆ ಎಂದು ಅವರು ಬೇರ್ಪಡಿಸಿ ತೋರಿಸಿದರು. ದೃಷ್ಟದ ವೇಷ ಹಾಕಿದ್ದ ಅದೃಷ್ಟವನ್ನು ಹೊರಗೆಳೆದರು ಎಂದರೆ ಮೀಮಾಂಸಕರ ಭಾಷೆಯಲ್ಲೇ ಹೇಳಿದಂತಾಗುತ್ತದೆ.

ಶರಣರ ಇಷ್ಟಲಿಂಗವನ್ನೂ ನಾನು ಈ ಬೆಳಕಿನಲ್ಲಿ ನೋಡುತ್ತೇನೆ. ಗುಡಿಯಲ್ಲಿ ನೆಲೆನಿಂತ ಲಿಂಗಕ್ಕೆ ಬಾಗಿಲಿದೆ, ಬಾಗಿಲಿಗೆ ಕಾಯುವವನಿದ್ದಾನೆ, ಯಾರು ಎಲ್ಲಿಯವರೆಗೆ ಬರಬಹುದೆಂದು ಅವನು ಹೇಳುತ್ತಾನೆ. ಅಂಗೈ ಮೇಲಿನ ಲಿಂಗಕ್ಕೆ ಆ ಬಾಗಿಲಿಲ್ಲ. ಇಲ್ಲೊಂದು ಆಕ್ಷೇಪ ಬರುತ್ತದೆ, ಬರಬೇಕಾದದ್ದೇ: ಪೂಜೆಯ ವಸ್ತುವಿನ ಪಕ್ಕದಲ್ಲಿ ಮೊಬೈಲ್ ತಂತ್ರಾಂಶವನ್ನು ಇಡುವುದು ಅಪಚಾರವಲ್ಲವೆ? ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಇಷ್ಟಲಿಂಗ ನಿಷ್ಠೆಯ ವಿಷಯ, ಅಲ್ಲಿ ಕೊಳ್ಳುವುದೂ ಇಲ್ಲ ಆರಿಸುವುದೂ ಇಲ್ಲ. ನಾನು ತೆಗೆದುಕೊಳ್ಳುವುದು ಒಂದೇ ಎಳೆಯನ್ನು: ನಡುವಿನವನ ವಶದಲ್ಲಿದ್ದದ್ದು ಸಂಬಂಧಪಟ್ಟವನ ವಶಕ್ಕೆ ಬಂದಾಗ ನಡುವಿನವನ ಅಧಿಕಾರಕ್ಕೆ ಏನಾಗುತ್ತದೆ ಎಂಬುದನ್ನು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಇಷ್ಟಲಿಂಗವನ್ನು ಕೊಡುವವನು ಗುರು, ದೀಕ್ಷೆಯಿಲ್ಲದೆ ಅದು ಬರುವುದಿಲ್ಲ. ಹಾಗೆಯೇ ಬ್ರೌಸರಿನಲ್ಲಿ ಓಡುವ ನಿಯಮಗಳನ್ನು ಬರೆದವನು ಅದೇ ತಯಾರಕ. ಜಾಗ ಬದಲಾದರೆ ಕರ್ತೃ ಬದಲಾದನೆ? ಇಲ್ಲ, ಬದಲಾಗಲಿಲ್ಲ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ನಿಯಮ ಕೈಗೆ ಬಂದ ಮಾತ್ರಕ್ಕೆ ನಾವು ನಿಯಮದ ಒಡೆಯರಾಗುವುದಿಲ್ಲ. ಬದಲಾಗುವುದು ಕರ್ತೃವಿನ ಮುಚ್ಚಿಡುವ ಸಾಮರ್ಥ್ಯ. ಅವನು ಹೇಳಿದ್ದು ಈಗ ಹೇಳಿದ ಮಾತಾಗಿ ನಮ್ಮ ಮುಂದಿದೆ. ಅದನ್ನು ಹಿಡಿದು ಪ್ರಶ್ನಿಸಬಹುದು.

ಓದಲಾಗದ್ದು ಎದುರಿಗಿದ್ದರೇನು ಎಂದು ಕೇಳುವವರಿದ್ದಾರೆ. ಬ್ರೌಸರಿಗೆ ಬರುವ ತಂತ್ರಾಂಶವನ್ನು ಸಾಮಾನ್ಯವಾಗಿ ಕುಗ್ಗಿಸಿ ಕಳಿಸುತ್ತಾರೆ: ಹೆಸರುಗಳೆಲ್ಲ ಒಂದಕ್ಷರಕ್ಕೆ ಇಳಿದಿರುತ್ತವೆ, ಸಾಲುಗಳು ಒಂದರೊಳಗೊಂದು ಕಲೆತಿರುತ್ತವೆ, ವೆಬ್‌ಅಸೆಂಬ್ಲಿಯಾದರೆ ಬರಿಯ ಯಂತ್ರಸಂಕೇತ. ಹುಡಗಿಯ ರೈತ ಅದನ್ನು ಓದುತ್ತಾನೆಯೇ? ಓದುವುದಿಲ್ಲ. ಆದರೆ ಮಿತಾಕ್ಷರಾದ ಪ್ರಕಾರ ಆಸ್ತಿ ಹಂಚಿಕೊಂಡವರಲ್ಲಿ ಎಷ್ಟು ಜನ ಅದನ್ನು ಓದಿದ್ದರು? ಓದಬಲ್ಲ ಒಬ್ಬ ವಕೀಲ ಸಾಕಿತ್ತು. ಬೀದರಿನ ಕಾಲೇಜಿನಲ್ಲಿ ಕಲಿಯುವ ಒಬ್ಬ ಹುಡುಗಿ ಕೋಷ್ಟಕವನ್ನು ಬಿಡಿಸಿ, ಈ ಸ್ಟಾರ್ಟರನ್ನು ತಡೆದದ್ದು ವೋಲ್ಟೇಜ್ ಅಲ್ಲ, ಬರಿಯ ಕಂಪನಿಯ ಹೆಸರು ಎಂದು ತೋರಿಸಿದರೆ ತಾಲ್ಲೂಕಿಗೆಲ್ಲ ಗೊತ್ತಾಗುತ್ತದೆ. ಪರೀಕ್ಷೆಯ ಹಕ್ಕು ಫಲ ಕೊಡಲು ಪ್ರತಿಯೊಬ್ಬರೂ ಪರೀಕ್ಷಿಸಬೇಕಾಗಿಲ್ಲ. ಜೊತೆಗೆ ಲೆಕ್ಕಿಗ ಗಿರಾಕಿಯ ಯಂತ್ರದಲ್ಲೇ ಇರುವಾಗ ಕಾರಣವನ್ನು ಅದರಿಂದಲೇ ಹೇಳಿಸಬಹುದು. ಪರಸ್ಪರ ಹೊಂದದ ಆಯ್ಕೆಗಳ ರಾಶಿಯಿಂದ ನಿಜವಾಗಿ ತಿಕ್ಕಾಡುತ್ತಿರುವ ಕೆಲವನ್ನು ಮಾತ್ರ ಹೆಕ್ಕಿ ತೋರಿಸುವ ವಿಧಾನಗಳಿವೆ. ಉಲ್ರಿಕ್ ಯುಂಕರ್ 2004ರಲ್ಲಿ ಪ್ರಕಟಿಸಿದ ಕ್ವಿಕ್‌ಎಕ್ಸ್‌ಪ್ಲೇನ್ ಅವುಗಳಲ್ಲಿ ಹೆಸರಾದದ್ದು. ಇಷ್ಟು ಆಳ, ಇಷ್ಟು ಉದ್ದದ ಕೇಬಲ್, ಈ ಎಚ್‌ಪಿ ಮೂರೂ ಒಟ್ಟಿಗೆ ನಿಲ್ಲವು, ಒಂದನ್ನು ಬಿಡಿ ಎಂದು ಕನ್ನಡದಲ್ಲಿ ಹೇಳುವ ಪರದೆ ಕಷ್ಟದ ಕೆಲಸವೇನಲ್ಲ. ಬರೆಯದಿದ್ದರೆ ಅದು ಬರೆಯಬಾರದೆಂಬ ನಿರ್ಧಾರ. ಪೇಟೆಯ ಅಂಗಡಿಯವನಿಗೆ ಯಾಕೆ ಬೇಡ ಎಂದು ಕೇಳಿದರೆ ಅವನು ಸರಿಯೋ ತಪ್ಪೋ ಒಂದು ಉತ್ತರ ಕೊಡುತ್ತಿದ್ದ. ಯಂತ್ರ ಅವನಿಗಿಂತ ಮೂಕವಾಗಿದ್ದರೆ ಅದನ್ನು ಪ್ರಗತಿ ಎನ್ನುವುದು ಹೇಗೆ?

ವ್ಯಾಪಾರದ ಗುಟ್ಟಿನ ಮಾತನ್ನು ನಾನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಲಾರೆ. ಯಾವ ಡೀಲರಿಗೆ ಎಷ್ಟು ರಿಯಾಯಿತಿ ಎಂಬುದು ಗುಟ್ಟಾಗಿರಲಿ. ಗೋದಾಮಿನಲ್ಲಿ ಇಂದು ಎಷ್ಟು ದಾಸ್ತಾನಿದೆ ಎಂಬುದು ದಿನದಿನಕ್ಕೆ ಬದಲಾಗುವುದರಿಂದ ಅಲ್ಲೇ ಇರಲಿ. ಯಾವ ಭಾಗಕ್ಕೆ ಯಾವ ಭಾಗ ಹೊಂದುತ್ತದೆ ಎಂಬುದು ಹಣ ಕೊಟ್ಟವನಿಂದ ಮುಚ್ಚಿಡುವ ಗುಟ್ಟಲ್ಲ. ಆರ್ಡರು ಕೊನೆಗೆ ಕಂಪನಿಗೆ ತಲುಪಿದಾಗ ಅಲ್ಲಿ ಇನ್ನೊಮ್ಮೆ ಪರಿಶೀಲಿಸಲೇಬೇಕೆಂಬುದು ನಿಜ, ಏಕೆಂದರೆ ಗಿರಾಕಿಯ ಯಂತ್ರದಲ್ಲಿ ಓಡುವುದನ್ನು ಗಿರಾಕಿ ತಿದ್ದಬಹುದು. ಹಾಗಾದರೆ ‘ಪೂರಾ ಬ್ರೌಸರಿನಲ್ಲೇ’ ಎಂಬ ಮಾತು ಅಷ್ಟರಮಟ್ಟಿಗೆ ಅತಿಶಯ. ಇರಲಿ. ಎರಡೂ ಕಡೆ ಒಂದೇ ನಿಯಮ ಓಡಿದರೆ ಸಾಕು. ಇಲ್ಲಿ ಕೂಡುತ್ತದೆ ಎಂದದ್ದನ್ನು ಅಲ್ಲಿ ಕೂಡದು ಎಂದರೆ ಆಗ ಜಗಳಕ್ಕೆ ಗಿರಾಕಿಯ ಕೈಯಲ್ಲೂ ಪುರಾವೆ ಇರುತ್ತದೆ. ಮೊದಲು ಅವನಿಗೆ ಅದೂ ಇರಲಿಲ್ಲ.

ನಿಯಮಗಳನ್ನೆಲ್ಲ ಬಿಚ್ಚಿಟ್ಟರೆ ಜನ ಪ್ರತಿಯೊಂದನ್ನೂ ಮಾರಾಟದ ಹುನ್ನಾರವೆಂದು ತಳ್ಳಿಹಾಕಿ, ಎಲ್ಲದಕ್ಕೂ ಎಲ್ಲವನ್ನೂ ಜೋಡಿಸಲು ಹೊರಟಾರು ಎಂಬ ಭಯವೂ ಇದೆ. ಇದಕ್ಕೆ ಉತ್ತರ ಹುಡುಕಲು ಹುಮನಾಬಾದಿನ ಮಾಣಿಕನಗರದತ್ತ ನೋಡಬಹುದು. 1817ರಿಂದ 1865ರವರೆಗೆ ಬಾಳಿದ ಮಾಣಿಕಪ್ರಭುಗಳು ನಿಜಾಮರ ಸೀಮೆಯಲ್ಲಿ ಸಕಲಮತವೆಂಬ ದೃಷ್ಟಿಯನ್ನು ಮುಂದಿಟ್ಟರು; ಹಿಂದೂಗಳೂ ಮುಸಲ್ಮಾನರೂ ಅವರಿಗೆ ನಡೆದುಕೊಂಡರು. ಎಲ್ಲ ಮತಗಳೂ ಒಪ್ಪಿಗೆ ಎಂದರೆ ಅದರ ಚೂರು ಇದರ ಚೂರು ಎಂದು ಮನಸೋ ಇಚ್ಛೆ ಬೆರೆಸುವ ಅನುಮತಿ ಎಂದು ನಾನು ಅರ್ಥಮಾಡುವುದಿಲ್ಲ. ಒಂದು ದಾರಿಯ ಶಿಸ್ತು ಆ ದಾರಿಯಲ್ಲಿ ನಡೆಯುವವನಿಗೆ ಪೂರ್ತಿ ಸಲ್ಲುತ್ತದೆ, ಇನ್ನೊಂದು ದಾರಿಯವನನ್ನು ತಪ್ಪೆನ್ನಲು ಅದು ಬಳಕೆಯಾಗಕೂಡದು: ಒಬ್ಬೊಬ್ಬರಿಗೆ ಒಂದೊಂದನ್ನು ಗೊತ್ತುಮಾಡುವ ಮೀಮಾಂಸಕರ ವ್ಯವಸ್ಥಿತ ವಿಕಲ್ಪಕ್ಕೆ ಇದು ತೀರ ದೂರವಲ್ಲ. ತಯಾರಕನ ಇಚ್ಛೆಯಿಂದ ಬಂದ ನಿಷೇಧಗಳೆಲ್ಲ ಕೆಟ್ಟವು ಎಂದೂ ನನ್ನ ವಾದವಲ್ಲ. ನಾನು ಪರೀಕ್ಷಿಸದ ಸ್ಟಾರ್ಟರಿಗೆ ನಾನು ವಾರಂಟಿ ಕೊಡಲಾರೆ ಎಂದು ಅವನು ಹೇಳಿದರೆ ಅದು ಮಾನವಂತನ ಮಾತು. ಹಾಗೆಂದು ಹೇಳಲಿ. ‘ಹೊಂದುವುದಿಲ್ಲ’ ಎನ್ನುವುದೂ ‘ನಾನು ಹೊಣೆ ಹೊರುವುದಿಲ್ಲ’ ಎನ್ನುವುದೂ ಎರಡು ಬೇರೆ ವಾಕ್ಯಗಳು; ಎರಡನೆಯದನ್ನು ಕೇಳಿಯೂ ಆ ಸ್ಟಾರ್ಟರನ್ನೇ ಕೊಳ್ಳುವವನು ತಿಳಿದು ಆರಿಸಿದ್ದಾನೆ, ಸುಟ್ಟರೆ ದೂರು ಹೇಳುವ ಹಕ್ಕನ್ನೂ ತಿಳಿದೇ ಬಿಟ್ಟಿದ್ದಾನೆ.

ಇಲ್ಲಿಗೆ ಹೊಣೆ ಆರಿಸುವವನ ಮೇಲೆ ಬಂದಿತು, ಅದರ ಭಾರ ಸಣ್ಣದಲ್ಲ. ನಿಯಮ ಪರರ ಬಳಿ ಇದ್ದಾಗ ಒಂದು ಅನುಕೂಲವಿತ್ತು: ತಪ್ಪಿದರೆ ಅವರನ್ನು ಬೈಯಬಹುದಿತ್ತು. ಎಲ್ಲವೂ ನಮ್ಮ ಕೈಯಲ್ಲೇ ಓಡುವಾಗ ಒಳಗೆ ಹಾಕಿದ ಅಂಕಿ ನಮ್ಮದು, ಹೊರಗೆ ಬಂದ ಉತ್ತರಕ್ಕೆ ಕಾರಣವೂ ನಮಗೆ ಗೊತ್ತು. ಬೋರಿನಲ್ಲಿ ನೀರು ಎಷ್ಟು ಆಳದಲ್ಲಿದೆ ಎಂಬ ಖಾನೆಗೆ ರೈತ ಮಳೆಗಾಲದ ಮಟ್ಟವನ್ನು ತುಂಬಿದರೆ ಲೆಕ್ಕಿಗ ದೋಷವಿಲ್ಲದ ಜೋಡಣೆಯನ್ನೇ ಕೊಡುತ್ತದೆ. ಮೇ ತಿಂಗಳಿನಲ್ಲಿ ಆ ಪಂಪಿಗೆ ನೀರು ಎಟುಕುವುದಿಲ್ಲ. ನಿಯಮಗಳಲ್ಲಿ ಒಂದೂ ತಪ್ಪಿರಲಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಈ ತಂತ್ರಾಂಶಗಳಲ್ಲಿ ಯಾವುದರಲ್ಲೂ ‘ಈ ಬೋರಿಗೆ ಪಂಪೇ ಬೇಡ’ ಎಂಬ ಉತ್ತರ ಇರುವುದನ್ನು ಕಾಣೆ. ಕೊಳ್ಳುವುದು ಮೊದಲೇ ತೀರ್ಮಾನವಾಗಿದೆ, ಯಾವುದನ್ನು ಎಂಬುದಷ್ಟೇ ಪ್ರಶ್ನೆ ಎಂಬ ನೆಲೆಯ ಮೇಲೆ ಅವು ನಿಂತಿವೆ. ಆ ನೆಲೆಯನ್ನೇ ಪ್ರಶ್ನಿಸುವ ಅಭ್ಯಾಸ ಅಲ್ಲಮನಿಗೆ ಇತ್ತು, ತಯಾರಕನಿಗೆ ಇರುವುದಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ಹುಂಬತನ. ಆದರೆ ಕೋಷ್ಟಕ ರೈತನ ಯಂತ್ರದಲ್ಲೇ ಇದೆಯಲ್ಲ. ಬೇಸಿಗೆಯ ಇಳುವರಿ ಇಷ್ಟಕ್ಕಿಂತ ಕಡಿಮೆ ಇದ್ದರೆ ಯಾವ ಮೋಟರೂ ಕೂಡದು ಎಂಬ ಒಂದು ಸಾಲನ್ನು ಆ ಸೀಮೆಯ ನೀರು ಬಲ್ಲವರೊಬ್ಬರು ಅದರ ತಲೆಯ ಮೇಲೆ ಸೇರಿಸಲು ತಾಂತ್ರಿಕವಾಗಿ ಅಡ್ಡಿಯೇನಿಲ್ಲ. ಅಡ್ಡಿಯಿರುವುದು ಪರವಾನಗಿಯಲ್ಲಿ: ಓಡಿಸಲು ಕೊಟ್ಟದ್ದನ್ನು ತಿದ್ದಲೂ ಕೊಟ್ಟಂತೆ ಆಗುತ್ತದೆಯೇ? ಆಗಬೇಕೆಂದು ನನ್ನ ಅಭಿಪ್ರಾಯ, ಆದರೆ ಅದನ್ನು ಇಲ್ಲಿಯವರೆಗಿನ ವಾದದಿಂದ ಸಾಧಿಸಿದಂತಾಗಲಿಲ್ಲ; ಅದಕ್ಕೆ ಒಡೆತನ ಎಂದರೇನು ಎಂಬಲ್ಲಿಂದ ಹೊಸದಾಗಿ ಆರಂಭಿಸಬೇಕು, ವಿಜ್ಞಾನೇಶ್ವರ ಆರಂಭಿಸಿದಂತೆ.